ಸಾಲು ಮರೆತ ಹಾಡುಗಾರನ ಪ್ರವಾಸ: ಟ್ರಾಜಿಕಲಿ ಹಿಪ್, 2016

ವೇದಿಕೆಯ ಮೇಲೆ ಆರು ಪರದೆಗಳಿದ್ದವು. ಟಿವಿಯಲ್ಲಿ ಸುದ್ದಿ ಓದುವವರ ಎದುರಿಗೆ ಇರುತ್ತದಲ್ಲ, ಅಂಥ ಟೆಲಿಪ್ರಾಂಪ್ಟರ್‌ಗಳು. ಹಾಡುಗಾರ ಗಾರ್ಡ್ ಡೌನಿ ಯಾವ ಕಡೆ ತಿರುಗಿದರೂ ಹಾಡಿನ ಸಾಲು ಕಣ್ಣಿಗೆ ಬೀಳಬೇಕು, ಅದಕ್ಕೇ ಆರು. ಆ ಸಾಲುಗಳನ್ನು ಬರೆದವರು ಡೌನಿಯೇ. ಕೆಲವನ್ನು ಇಪ್ಪತ್ತೈದು ವರ್ಷದಿಂದ ಹಾಡುತ್ತಾ ಬಂದಿದ್ದರು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬಾಯಿಗೆ ಬರಬೇಕಾದ ಸಾಲುಗಳು. 2016ರ ಬೇಸಿಗೆಯಲ್ಲಿ ಅವು ಬರುತ್ತಿರಲಿಲ್ಲ.

ಈ ಬರಹ ಆ ಒಂದು ಬೇಸಿಗೆಯ ಬಗ್ಗೆ. ಕೆನಡಾದ ದಿ ಟ್ರಾಜಿಕಲಿ ಹಿಪ್ ಎಂಬ ರಾಕ್ ಬ್ಯಾಂಡ್ ಜುಲೈ 22ರಿಂದ ಆಗಸ್ಟ್ 20ರವರೆಗೆ ಹದಿನೈದು ಷೋ ಕೊಟ್ಟಿತು. ಕೊನೆಯದನ್ನು ಆ ದೇಶದ ಮೂರರಲ್ಲಿ ಒಂದು ಪಾಲು ಜನ ಸ್ವಲ್ಪ ಹೊತ್ತಾದರೂ ನೋಡಿದರು ಅಥವಾ ಕೇಳಿದರು. ನಮ್ಮಲ್ಲಿ ಬಹಳ ಜನರಿಗೆ ಈ ಬ್ಯಾಂಡಿನ ಹೆಸರೇ ಗೊತ್ತಿಲ್ಲ. ಕೆನಡಾ ಅಂದರೆ ನಮಗೆ ಬೆಂಗಳೂರಿಗೆ ಬಂದು ಹಾಡಿಹೋದ ಬ್ರಯಾನ್ ಆಡಮ್ಸ್, ಇಲ್ಲವೇ ರಷ್, ಇಲ್ಲವೇ ನಿಕಲ್‌ಬ್ಯಾಕ್. ಪಕ್ಕದ ಅಮೆರಿಕದಲ್ಲೇ ಹಿಪ್ ಅನ್ನು ಸರಿಯಾಗಿ ಕೇಳಿದವರು ಕಡಿಮೆ. ಹಾಗಿರುವಾಗ ಒಂದು ದೇಶ ಆ ರಾತ್ರಿ ಯಾಕೆ ಟಿವಿ ಮುಂದೆ ಕೂತಿತು? ಸಾಯುತ್ತಿರುವ ಮನುಷ್ಯನ ಮೇಲಿನ ಕನಿಕರ ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಆ ಉತ್ತರ ಸಾಲದು.

ಐವರು ಹುಡುಗರು, ಒಂದು ಕಲ್ಲಿನ ಊರು

ಕಿಂಗ್‌ಸ್ಟನ್ ಒಂಟಾರಿಯೊ ಸರೋವರದ ದಂಡೆಯ ಊರು. ಜನಸಂಖ್ಯೆ ಸುಮಾರು ಒಂದೂಕಾಲು ಲಕ್ಷ. ಸುಣ್ಣಕಲ್ಲಿನ ಹಳೇ ಕಟ್ಟಡಗಳು, ಕ್ವೀನ್ಸ್ ವಿಶ್ವವಿದ್ಯಾಲಯ, ಮತ್ತೆ ಜೈಲುಗಳು. 1840ರ ದಶಕದಲ್ಲಿ ಕೆಲವು ವರ್ಷ ಅದು ಆಗಿನ ಕೆನಡಾ ಪ್ರಾಂತ್ಯದ ರಾಜಧಾನಿಯೂ ಆಗಿತ್ತು. ಬ್ಯಾಂಡ್ ಹುಟ್ಟಿದ್ದು ಇಲ್ಲೇ, 1984ರಲ್ಲಿ. ಡೌನಿ ಹಾಡುಗಾರ, ರಾಬ್ ಬೇಕರ್ ಗಿಟಾರ್, ಗಾರ್ಡ್ ಸಿಂಕ್ಲೇರ್ ಬೇಸ್, ಜಾನಿ ಫೇ ಡ್ರಮ್ಸ್. ಮೊದಲು ಒಬ್ಬ ಸ್ಯಾಕ್ಸೊಫೋನ್ ವಾದಕನೂ ಇದ್ದ. 1986ರಲ್ಲಿ ಅವನು ಹೋಗಿ ಪಾಲ್ ಲ್ಯಾಂಗ್ಲಾ ಎಂಬ ಇನ್ನೊಬ್ಬ ಗಿಟಾರ್ ವಾದಕ ಬಂದ. ಆಮೇಲೆ ಮೂವತ್ತು ವರ್ಷ ಇದೇ ಐವರು. ಯಾರೂ ಬಿಡಲಿಲ್ಲ, ಯಾರನ್ನೂ ತೆಗೆಯಲಿಲ್ಲ. ರಾಕ್ ಬ್ಯಾಂಡ್‌ಗಳ ಜಗಳ ಗೊತ್ತಿದ್ದವರಿಗೆ ಇದೆಷ್ಟು ಅಪರೂಪ ಅಂತ ಬಿಡಿಸಿ ಹೇಳಬೇಕಿಲ್ಲ. ಸಾಲುಗಳನ್ನೆಲ್ಲ ಡೌನಿ ಬರೆಯತೊಡಗಿದ ಮೇಲೂ ಹಾಡಿನ ಕೆಳಗೆ ಹಾಕುತ್ತಿದ್ದದ್ದು ಬ್ಯಾಂಡಿನ ಹೆಸರು. ದುಡ್ಡೂ ಐದು ಪಾಲು. ಬಿರುಕು ಬೀಳದಿರಲು ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಹೆಸರು ಬಂದದ್ದು ಒಂದು ತಮಾಷೆಯ ವಿಡಿಯೊದಿಂದ. ಫ್ಯಾಷನ್ನಿನ ಹುಚ್ಚಿನಲ್ಲಿ ಪಾಪರ್ ಆದವರಿಗಾಗಿ ಚಂದಾ ಎತ್ತುವ ಅಣಕದ ತುಣುಕೊಂದು ಅದರಲ್ಲಿತ್ತು. ಅಲ್ಲಿನ ಮಾತನ್ನೇ ಹುಡುಗರು ಎತ್ತಿಕೊಂಡರು. ನಗೆಗೆ ಇಟ್ಟ ಹೆಸರು ಮುಂದೆ ದುಃಖಕ್ಕೂ ಹೊಂದಿಕೊಂಡುಬಿಟ್ಟಿತು.

1989ರ ‘ಅಪ್ ಟು ಹಿಯರ್’ ಮತ್ತು 1992ರ ‘ಫುಲ್ಲಿ ಕಂಪ್ಲೀಟ್ಲಿ’ ಆಲ್ಬಂಗಳು ಕೆನಡಾದಲ್ಲಿ ಡೈಮಂಡ್ ಮಟ್ಟ ಮುಟ್ಟಿದವು, ಅಂದರೆ ಹತ್ತು ಲಕ್ಷ ಪ್ರತಿ. ಮೂರು ಕೋಟಿ ಚಿಲ್ಲರೆ ಜನರ ದೇಶದಲ್ಲಿ ಅದು ಸಣ್ಣ ಸಂಖ್ಯೆಯಲ್ಲ. ಇದಕ್ಕೆ ಸರ್ಕಾರದ ಒಂದು ನಿಯಮವೂ ನೆರವಾಯಿತು. 1971ರಿಂದ ಅಲ್ಲಿನ ರೇಡಿಯೊಗಳು ಇಷ್ಟು ಪಾಲು ಕೆನಡಾದ ಹಾಡುಗಳನ್ನೇ ಹಾಕಬೇಕಿತ್ತು. ಮೊದಲು ನೂರಕ್ಕೆ ಮೂವತ್ತು, ಆಮೇಲೆ ಮೂವತ್ತೈದು. ಇಲ್ಲದಿದ್ದರೆ ಪಕ್ಕದ ಮನೆಯ ದೊಡ್ಡ ದನಿ ಎಲ್ಲವನ್ನೂ ಮುಳುಗಿಸುತ್ತಿತ್ತು. ಆದರೆ ನಿಯಮ ಹಾಡನ್ನು ಕಿವಿವರೆಗೆ ತರಬಹುದು ಅಷ್ಟೆ, ಒಳಗೆ ಇಳಿಸಲಾರದು.

ಅಮೆರಿಕದಲ್ಲೂ ಅವರು ಸುಮ್ನೆ ಕೂರಲಿಲ್ಲ. 1995ರ ಮಾರ್ಚ್‌ನಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ನಲ್ಲಿ ಹಾಡಿದರು. ಒಟ್ಟಾವಾದಲ್ಲೇ ಹುಟ್ಟಿದ ನಟ ಡ್ಯಾನ್ ಏಕ್ರಾಯ್ಡ್ ಅವರನ್ನು ಪರಿಚಯಿಸಿದರು. 1999ರ ವುಡ್‌ಸ್ಟಾಕ್ ಉತ್ಸವದಲ್ಲೂ ಹಾಡಿದರು. ಗಡಿಗೆ ಅಂಟಿಕೊಂಡ ಬಫಲೊ, ಡೆಟ್ರಾಯ್ಟ್‌ಗಳಲ್ಲಿ ಜನ ಸೇರುತ್ತಿದ್ದರು. ಅದರಾಚೆ ಕ್ಲಬ್ಬು, ಸಣ್ಣ ಥಿಯೇಟರು. ಕೆನಡಾದಲ್ಲಿ ಹಾಕಿ ಮೈದಾನ ತುಂಬಿಸುವವರು ಗಡಿ ದಾಟಿದರೆ ಕೆಲವು ನೂರು ಜನರ ಮುಂದೆ ನಿಲ್ಲುತ್ತಿದ್ದರು. ಇದನ್ನು ಸೋಲು ಅಂತ ಪತ್ರಿಕೆಗಳು ವರ್ಷಗಟ್ಟಲೆ ಬರೆದವು. ಅಭಿಮಾನಿಗಳಿಗೆ ಒಳಗೊಳಗೇ ಖುಷಿ ಇತ್ತು ಅನ್ನಿಸುತ್ತದೆ. ಎಲ್ಲರಿಗೂ ಸಿಗದ್ದು ನಮಗೆ ಮಾತ್ರ ಸಿಕ್ಕಿದರೆ ಅದರ ರುಚಿಯೇ ಬೇರೆ ಅಲ್ವಾ?

ಹಾಡುಗಳಲ್ಲಿ ಏನಿತ್ತು

ಇಲ್ಲಿ ಸ್ವಲ್ಪ ನಿಲ್ಲಬೇಕು. 2016ರ ರಾತ್ರಿಯ ಬೀಗದ ಕೈ ಇರುವುದು ಈ ಹಾಡುಗಳಲ್ಲೇ.

‘ಫಿಫ್ಟಿ ಮಿಷನ್ ಕ್ಯಾಪ್’ ಹಾಡನ್ನೇ ತೆಗೆದುಕೊಳ್ಳಿ. ಇದು ಬಿಲ್ ಬರಿಲ್ಕೊ ಎಂಬ ಹಾಕಿ ಆಟಗಾರನ ಕತೆ. ಹಾಕಿ ಅಂದರೆ ಅಲ್ಲಿ ಮಂಜುಗಡ್ಡೆಯ ಮೇಲಿನದ್ದು. 1951ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ, ಮಾಂಟ್ರಿಯಲ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು ಟೊರಾಂಟೊ ಮೇಪಲ್ ಲೀಫ್ಸ್ ತಂಡಕ್ಕೆ ಕಪ್ ತಂದುಕೊಟ್ಟವನು ಅವನು. ಅದೇ ಬೇಸಿಗೆಯಲ್ಲಿ ಸಣ್ಣ ವಿಮಾನದಲ್ಲಿ ಮೀನು ಹಿಡಿಯಲು ಹೋದ, ವಾಪಸ್ ಬರಲಿಲ್ಲ. ಹನ್ನೊಂದು ವರ್ಷ ಲೀಫ್ಸ್ ಮತ್ತೆ ಕಪ್ ಗೆಲ್ಲಲಿಲ್ಲ. 1962ರಲ್ಲಿ ಗೆದ್ದರು. ಅದೇ ವರ್ಷ, ಗೆದ್ದ ಕೆಲವೇ ವಾರಗಳಲ್ಲಿ, ಕಾಡಿನಲ್ಲಿ ವಿಮಾನದ ಅವಶೇಷ ಸಿಕ್ಕಿತು. ಡೌನಿ ಇದನ್ನು ಓದಿದ್ದು ಚೂಯಿಂಗ್ ಗಮ್ ಜೊತೆ ಮಕ್ಕಳು ಕೂಡಿಸುವಂಥ ಒಂದು ಹಾಕಿ ಕಾರ್ಡಿನ ಹಿಂಬದಿಯಲ್ಲಿ. ಹಾಡಿನಲ್ಲೂ ಅದನ್ನು ಮುಚ್ಚಿಡುವುದಿಲ್ಲ. ಕಾರ್ಡಿನಿಂದ ಕದ್ದೆ ಅಂತಲೇ ಹೇಳುತ್ತಾರೆ. ಶೀರ್ಷಿಕೆಯ ಟೋಪಿ ಯುದ್ಧಕಾಲದ ಬಾಂಬರ್ ಪೈಲಟ್‌ಗಳದ್ದು. ಐವತ್ತು ಸಲ ಹಾರಿದವನ ಟೋಪಿ ಹಿಂಡಿ ಹಿಪ್ಪೆಯಾಗಿರುತ್ತದೆ. ಹೊಸಬ ತನ್ನ ಟೋಪಿಯನ್ನು ತಿಕ್ಕಿ ಮಡಚಿ ಹಾಗೆ ಕಾಣುವಂತೆ ಮಾಡಿಕೊಳ್ಳುತ್ತಾನೆ. ಹಾಡುಗಾರ ಆ ಕಾರ್ಡನ್ನು ಅಂಥ ಟೋಪಿಯೊಳಗೆ ಇಟ್ಟುಕೊಂಡಿದ್ದಾನೆ. ಇಷ್ಟೇ ಹಾಡು. ಆದರೆ ಆ ತಲೆಮಾರಿನ ಕೆನಡಾದವರಿಗೆ ಬರಿಲ್ಕೊ ಗೊತ್ತಿದ್ದರೆ ಅದು ಪಾಠಪುಸ್ತಕದಿಂದಲ್ಲ, ಈ ಹಾಡಿನಿಂದ.

‘ವೀಟ್ ಕಿಂಗ್ಸ್’ ಇನ್ನೊಂದು. ಶುರುವಾಗುವುದು ಲೂನ್ ಎಂಬ ನೀರುಹಕ್ಕಿಯ ಕೂಗಿನಿಂದ. ಅಲ್ಲಿನ ಒಂದು ಡಾಲರ್ ನಾಣ್ಯದ ಮೇಲಿರುವ ಹಕ್ಕಿ ಅದು. ಗಿಟಾರ್ ಮೆಲ್ಲಗೆ ನುಡಿಯುತ್ತದೆ, ಜೋಗುಳ ಇರಬೇಕು ಅನ್ನಿಸುತ್ತದೆ. ವಿಷಯ ಮಾತ್ರ ಡೇವಿಡ್ ಮಿಲ್ಗಾರ್ಡ್. 1969ರಲ್ಲಿ ಸಾಸ್ಕಟೂನ್‌ನಲ್ಲಿ ಒಬ್ಬ ನರ್ಸಿಂಗ್ ಸಹಾಯಕಿಯ ಕೊಲೆಯಾಯಿತು. ಹದಿನಾರು ವರ್ಷದ ಮಿಲ್ಗಾರ್ಡ್ ಮೇಲೆ ಆರೋಪ ಬಂತು, ಮರುವರ್ಷ ಜೀವಾವಧಿ ಶಿಕ್ಷೆಯಾಯಿತು. ಮಗ ತಪ್ಪು ಮಾಡಿಲ್ಲ ಅಂತ ತಾಯಿ ವರ್ಷಾನುಗಟ್ಟಲೆ ಅಲೆದರು. 1992ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಅಷ್ಟರಲ್ಲಿ ಇಪ್ಪತ್ಮೂರು ವರ್ಷ ಕಳೆದಿತ್ತು. ಹಾಡು ಬಂದದ್ದು ಅದೇ ವರ್ಷ. ಡಿಎನ್ಎ ಪರೀಕ್ಷೆ ಅವನನ್ನು ಪೂರ್ತಿ ನಿರ್ದೋಷಿ ಎಂದದ್ದು 1997ರಲ್ಲಿ, ಹಾಡು ಬಂದು ಐದು ವರ್ಷಕ್ಕೆ. ಡೌನಿ ಎಲ್ಲೂ ಕೂಗಾಡುವುದಿಲ್ಲ. ಗೋಡೆಯ ಮೇಲೆ ಪ್ರಧಾನಿಗಳ ಪಟ ತೂಗುಹಾಕಿದ ಒಂದು ಜಾಗ ತೋರಿಸಿ ಮುಂದೆ ಹೋಗುತ್ತಾರೆ. ಕ್ಯಾಂಪಿನಲ್ಲಿ ಬೆಂಕಿ ಹಾಕಿಕೊಂಡು ಜನ ಈ ಹಾಡನ್ನು ಎಷ್ಟು ಆರಾಮಾಗಿ ಹಾಡುತ್ತಾರೆಂದರೆ, ಒಳಗೆ ಏನಿದೆ ಅಂತ ಅರ್ಧ ಜನ ಗಮನಿಸಿರಲಿಕ್ಕಿಲ್ಲ.

‘ಬಾಬ್‌ಕೇಜನ್’ ಹಾಡಿನ ಹೆಸರು ಒಂಟಾರಿಯೊ ಪ್ರಾಂತ್ಯದ ಒಂದು ಸಣ್ಣ ಊರಿನದು. ಅಲ್ಲಿ ನಕ್ಷತ್ರಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ, ಟೊರಾಂಟೊದಲ್ಲಿ ಗಲಭೆ. ‘38 ಇಯರ್ಸ್ ಓಲ್ಡ್’ ಕಿಂಗ್‌ಸ್ಟನ್ ಹತ್ತಿರದ ಮಿಲ್‌ಹೇವನ್ ಜೈಲಿನಿಂದ ಕೈದಿಗಳು ತಪ್ಪಿಸಿಕೊಂಡ ಘಟನೆಯಿಂದ ಎದ್ದ ಕತೆ. ಇನ್ನೊಂದರಲ್ಲಿ ನೂರನೇ ರೇಖಾಂಶ, ಅಂದರೆ ಹುಲ್ಲುಗಾವಲ ಸೀಮೆ ಶುರುವಾಗುವ ಗೆರೆ. ಇನ್ನೊಂದನ್ನು ಕಾದಂಬರಿಕಾರ ಹ್ಯೂ ಮ್ಯಾಕ್ಲೆನನ್ ಅವರಿಗೆ ಅರ್ಪಿಸಿದ್ದಾರೆ. ಬಾವುಟ ಬೀಸುವ ಹಾಡು ಇದರಲ್ಲಿ ಒಂದೂ ಇಲ್ಲ. ದೇಶಭಕ್ತಿ ಗಾಯಕ ಎಂಬ ಪಟ್ಟ ಡೌನಿಗೆ ಹಿಡಿಸುತ್ತಲೂ ಇರಲಿಲ್ಲ. ಕಳೆದುಹೋದವರು, ತಪ್ಪಾಗಿ ಒಳಗೆ ಹಾಕಿಸಿಕೊಂಡವರು, ಓಡಿಹೋದವರು, ಇಂಥವರ ಹೆಸರನ್ನು ಮೂವತ್ತು ವರ್ಷ ಮರೆಯದಂತೆ ನೋಡಿಕೊಂಡ ಮನುಷ್ಯ. ಅವರಿಗೇ ಈಗ ಹೆಸರುಗಳು ಮರೆತವು.

ಕಾಯಿಲೆ ಮತ್ತು ನಿರ್ಧಾರ

2015ರ ಡಿಸೆಂಬರ್‌ನಲ್ಲಿ ಡೌನಿಗೆ ಮೂರ್ಛೆ ಬಂತು. ಪರೀಕ್ಷೆಯಲ್ಲಿ ಗೊತ್ತಾದದ್ದು ಗ್ಲಿಯೊಬ್ಲಾಸ್ಟೋಮಾ. ಮಿದುಳಿನ ಗೆಡ್ಡೆಗಳಲ್ಲೇ ಕೆಟ್ಟದ್ದು. ಬೇರು ಹರಡಿಕೊಂಡಂತೆ ಬೆಳೆಯುವುದರಿಂದ ಪೂರ್ತಿ ಕತ್ತರಿಸಿ ತೆಗೆಯಲು ಆಗುವುದಿಲ್ಲ. ಚಿಕಿತ್ಸೆ ಕೊಟ್ಟರೂ ಸುಮಾರು ಅರ್ಧದಷ್ಟು ಜನ ಒಂದೂಕಾಲು ವರ್ಷ ದಾಟುವುದಿಲ್ಲ. ಡೌನಿಯದ್ದು ಟೆಂಪೊರಲ್ ಲೋಬ್‌ನಲ್ಲಿ, ಅಂದರೆ ಕಿವಿಯ ನೇರಕ್ಕೆ ಒಳಗಿರುವ ಭಾಗದಲ್ಲಿ. ನೆನಪಿಗೂ ಮಾತಿಗೂ ಬೇಕಾದ ಜಾಗ ಅದು. ಹಾಡುಗಾರನಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ವಿಕಿರಣ ಮತ್ತು ಕೀಮೋಥೆರಪಿ.

‘ಮ್ಯಾನ್ ಮಷೀನ್ ಪೊಯಮ್’ ಆಲ್ಬಂ ಅಷ್ಟರಲ್ಲಿ ಮುದ್ರಣವಾಗಿ ಮುಗಿದಿತ್ತು. ಕಿಂಗ್‌ಸ್ಟನ್ ಪಕ್ಕದ ಬಾತ್ ಎಂಬಲ್ಲಿನ ತಮ್ಮದೇ ಸ್ಟುಡಿಯೊದಲ್ಲಿ, ಕಾಯಿಲೆ ಗೊತ್ತಾಗುವ ಮೊದಲೇ. ಆಲ್ಬಂ ಬಂದ ಮೇಲೆ ಜನ ಸಾಲು ಸಾಲಿನಲ್ಲೂ ಸಾವಿನ ಸುಳಿವು ಹುಡುಕಿದರು. ಬರೆಯುವಾಗ ಕಾಯಿಲೆಯ ಗಾಳಿಯೂ ಇರಲಿಲ್ಲ. ಕೇಳುವವರ ಕಿವಿ ಹೀಗೆ ಆಟವಾಡುತ್ತದೆ.

2016ರ ಮೇ 24ರಂದು ವಿಷಯ ಹೊರಗೆ ಬಂತು. ಅವತ್ತೇ ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ನರರೋಗ ತಜ್ಞ ಜೇಮ್ಸ್ ಪೆರ್ರಿ ಪತ್ರಕರ್ತರ ಮುಂದೆ ಕೂತು ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ನೇರವಾಗಿ ಹೇಳಿದರು. ಅದರ ಜೊತೆಗೇ ಬಂದ ಸುದ್ದಿ: ಬ್ಯಾಂಡ್ ಪ್ರವಾಸ ಹೊರಡುತ್ತದೆ. ಮರುದಿನ ತಾರೀಖುಗಳೂ ಬಂದವು.

ಇದು ಸರಿಯೇ? ಅವತ್ತು ಬಹಳ ಜನ ಕೇಳಿದ ಪ್ರಶ್ನೆ. ಕೀಮೋ ಆದವನನ್ನು ಊರೂರು ಕರೆದೊಯ್ಯುವುದು, ಸಾವಿನ ಮುಂದೆ ಟಿಕೆಟ್ ಮಾರುವುದು, ನಡುವೆ ಬಿದ್ದುಬಿಟ್ಟರೆ? ಡೌನಿಗೆ ಹೋಗಬೇಕು ಅಂತಿತ್ತು. ಉಳಿದ ನಾಲ್ವರು ಅವರ ಮಾತಿಗೆ ನಿಂತರು. ಒಂದು ಸೂಕ್ಷ್ಮ ಗಮನಿಸಿ. ಬ್ಯಾಂಡ್ ಎಲ್ಲೂ ಅದನ್ನು ವಿದಾಯದ ಪ್ರವಾಸ ಎಂದು ಕರೆಯಲಿಲ್ಲ. ಪೋಸ್ಟರ್ ಮೇಲೆ ಇದ್ದದ್ದು ಹೊಸ ಆಲ್ಬಂ ಹೆಸರು ಮಾತ್ರ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಹೇಳಲಿಲ್ಲ. ನನಗೆ ಈ ಮೌನ ಬಹಳ ಹಿಡಿಸಿತು.

ಹೇಗೆ ಮಾಡಿದರು

ಅಭ್ಯಾಸದ ಮೊದಲ ದಿನಗಳಲ್ಲಿ ಡೌನಿಗೆ ಸಾಲುಗಳು ಹತ್ತುತ್ತಿರಲಿಲ್ಲ. ತನ್ನ ಹಾಡನ್ನೇ ಹೊಸದಾಗಿ ಕಲಿಯಬೇಕಾಯಿತು. ಹಾಗಾಗಿ ಆರು ಪರದೆ ಬಂದವು. ಇದು ಎಂಥ ಇಕ್ಕಟ್ಟು ಅಂತ ತಿಳಿಯಲು ಹಿಂದಿನ ಡೌನಿ ಹೇಗಿದ್ದರು ಅಂತ ಗೊತ್ತಿರಬೇಕು. ಹಾಡಿನ ಮಧ್ಯೆ ಗಿಟಾರ್‌ಗಳು ಸುಮ್ನೆ ಸುತ್ತು ಹಾಕುತ್ತಿದ್ದಾಗ ಡೌನಿ ಮನಸ್ಸಿಗೆ ಬಂದ ಕತೆ ಹೇಳುತ್ತಿದ್ದರು. ತಿಮಿಂಗಿಲದ ತೊಟ್ಟಿ ತೊಳೆಯುವವನ ಕತೆ, ಮುಳುಗುವ ಹಡಗಿನ ಕತೆ. ‘ನ್ಯೂ ಆರ್ಲಿಯನ್ಸ್ ಈಸ್ ಸಿಂಕಿಂಗ್’ ಹಾಡಿನ ನಡುಭಾಗ ಇದಕ್ಕೆಂದೇ ಮೀಸಲಿಟ್ಟ ಅಂಗಳವಿದ್ದಂತೆ. ಅಲ್ಲಿ ಆಡಿದ ಮಾತು ಮುಂದೆ ಬೇರೆ ಹಾಡಾಗಿದ್ದೂ ಇದೆ. ‘ನಾಟಿಕಲ್ ಡಿಸಾಸ್ಟರ್’ ಹುಟ್ಟಿದ್ದು ಹಾಗೆಯೇ. ಅಂಥವರು ಈಗ ಪರದೆ ನೋಡಿ ಹಾಡಬೇಕು. ಹೊಸ ಕತೆಗಳು ನಿಂತವು. ಆದರೆ ಮೈ ನಿಲ್ಲಲಿಲ್ಲ. ಮೈಕ್ ಸ್ಟ್ಯಾಂಡನ್ನು ಹುಟ್ಟು ಮಾಡಿಕೊಂಡು ದೋಣಿ ನಡೆಸುವುದು, ಕರವಸ್ತ್ರ ಬೀಸುವುದು, ಕಣ್ಣರಳಿಸಿ ಮುಖ ಮಾಡುವುದು, ಇವೆಲ್ಲ ಇದ್ದವು.

ಬಟ್ಟೆಯ ಕತೆ ಬೇರೆ. ಹೊಳೆಯುವ ಚರ್ಮದ ಸೂಟುಗಳು: ಬಂಗಾರದ್ದು, ಬೆಳ್ಳಿಯದು, ಗುಲಾಬಿಯದು. ತಲೆಗೆ ಗರಿ ಸಿಕ್ಕಿಸಿದ ಅಗಲ ಟೋಪಿ. ಒಳಗೆ ದೊಡ್ಡ ಮೀನು ಬಾಯಿ ತೆರೆದ ‘ಜಾಸ್’ ಸಿನಿಮಾದ ಟಿ-ಶರ್ಟ್. ಕತ್ತಿಗೆ ಸುತ್ತಿಕೊಂಡದ್ದು ಸ್ಕಾರ್ಫ್ ಅಂದುಕೊಂಡರೆ ಅದು ಕಾಲುಚೀಲ. ಕಾಯಿಲೆ ಮನುಷ್ಯ ಹೇಗೆ ಕಾಣಬೇಕು ಅಂತ ನಾವು ಅಂದುಕೊಂಡಿರುತ್ತೇವೋ ಅದರ ತದ್ವಿರುದ್ಧ. ನೋಡಲು ಹೋದವರು ಮೊದಲು ನಕ್ಕರು, ಆಮೇಲೆ ಅತ್ತರು. ಈ ಕ್ರಮ ಮುಖ್ಯ ಅನ್ನಿಸುತ್ತದೆ ನನಗೆ.

ಕಾರ್ಯಕ್ರಮದ ಜೋಡಣೆಯಲ್ಲಿ ಎರಡು ಉಪಾಯ ಇದ್ದವು. ಒಂದು, ಶುರುವಿನಲ್ಲಿ ಐವರೂ ದೊಡ್ಡ ವೇದಿಕೆಯ ನಡುವೆ ಒತ್ತಾಗಿ ನಿಂತರು. ಸಣ್ಣ ಪಬ್ಬಿನಲ್ಲಿ ಜಾಗ ಸಾಲದೆ ಮೊಣಕೈ ತಾಗಿಸಿ ನಿಂತಿರುತ್ತಾರಲ್ಲ, ಹಾಗೆ. ನೋಡಲು ಚೆಂದ ಅನ್ನುವುದಷ್ಟೇ ಅಲ್ಲ, ಡೌನಿಗೆ ನಾಲ್ಕೂ ಕಡೆ ಆಸರೆ. ಇನ್ನೊಂದು, ಹಾಡುಗಳನ್ನು ಆಲ್ಬಂವಾರು ಕಂತೆ ಕಟ್ಟಿದರು. ಒಂದು ಆಲ್ಬಂನಿಂದ ನಾಲ್ಕು ಹಾಡು, ಆಮೇಲೆ ಇನ್ನೊಂದರಿಂದ ನಾಲ್ಕು. ಯಾವ ಆಲ್ಬಂ ಎಂಬುದು ರಾತ್ರಿಯಿಂದ ರಾತ್ರಿಗೆ ಬದಲಾಗುತ್ತಿತ್ತು. ಎಂದಿನ ಬ್ಯಾಂಡ್‌ಗಳಂತೆ ಒಂದೇ ಪಟ್ಟಿ ಇಟ್ಟುಕೊಂಡು ಹದಿನೈದು ರಾತ್ರಿ ಹಾಡಿದ್ದರೆ ಡೌನಿಗೆ ಎಷ್ಟು ಸುಲಭವಾಗುತ್ತಿತ್ತು! ಅವರು ಕಷ್ಟದ ದಾರಿ ಹಿಡಿದರು.

ದಾರಿ ವಿಕ್ಟೋರಿಯಾದಿಂದ ಶುರು. ವ್ಯಾಂಕೂವರ್, ಎಡ್ಮಂಟನ್, ಕ್ಯಾಲ್ಗರಿಗಳಲ್ಲಿ ಎರಡೆರಡು ರಾತ್ರಿ. ವಿನಿಪೆಗ್, ಲಂಡನ್ (ಇದು ಒಂಟಾರಿಯೊದ ಲಂಡನ್), ಟೊರಾಂಟೊದಲ್ಲಿ ಮೂರು, ಹ್ಯಾಮಿಲ್ಟನ್, ಒಟ್ಟಾವಾ, ಕೊನೆಗೆ ಕಿಂಗ್‌ಸ್ಟನ್. ಎರಡು ಷೋ ಮಧ್ಯೆ ಕನಿಷ್ಠ ಒಂದು ದಿನ ಬಿಡುವು. ಕ್ವಿಬೆಕ್ ಇರಲಿಲ್ಲ, ಪೂರ್ವದ ಕರಾವಳಿಯೂ ಇರಲಿಲ್ಲ. ಹ್ಯಾಲಿಫ್ಯಾಕ್ಸ್‌ನವರಿಗೆ ಬೇಸರವಾದದ್ದು ನ್ಯಾಯವೇ.

ಟಿಕೆಟ್ ವಿಚಾರ ಮಾತ್ರ ಹದಗೆಟ್ಟಿತು. ಮಾರಾಟ ಶುರುವಾದ ನಿಮಿಷಗಳಲ್ಲೇ ಖಾಲಿ. ಕೊಂಡದ್ದರಲ್ಲಿ ಬಹುಪಾಲು ಜನರಲ್ಲ, ಬಾಟ್ ಎಂಬ ಸಾಫ್ಟ್‌ವೇರ್ ಇಟ್ಟುಕೊಂಡ ದಲ್ಲಾಳಿಗಳು ಎಂಬ ಸಿಟ್ಟು ಎದ್ದಿತು. ಅದೇ ಟಿಕೆಟ್ ಕೆಲವೇ ಹೊತ್ತಿನಲ್ಲಿ ಹಲವು ಪಟ್ಟು ಬೆಲೆಗೆ ಇನ್ನೊಂದು ಕಡೆ ಕಾಣಿಸಿತು. ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುವುದು ನಮಗೆ ಹೊಸದಲ್ಲ ಬಿಡಿ. ಸಾಯುವವನ ಹೆಸರಲ್ಲಿ ಮಾಡಿದಾಗ ಮಾತ್ರ ಅದು ಬೇರೆ ಥರ ಚುಚ್ಚುತ್ತದೆ. ಒಂಟಾರಿಯೊ ಸರ್ಕಾರ 2017ರಲ್ಲಿ ಟಿಕೆಟ್ ಮಾರಾಟಕ್ಕೆ ಹೊಸ ಕಾಯ್ದೆ ತಂದಿತು. ಬಾಟ್‌ಗಳಿಗೆ ನಿಷೇಧ, ಮರುಮಾರಾಟದ ಬೆಲೆ ಮೂಲ ಬೆಲೆಗಿಂತ ಅರ್ಧದಷ್ಟು ಮಾತ್ರ ಜಾಸ್ತಿ ಇರಬಹುದು ಎಂಬ ಮಿತಿ. ಆಮೇಲೆ ಸರ್ಕಾರ ಬದಲಾಯಿತು, ಬೆಲೆಯ ಮಿತಿ ಜಾರಿಗೆ ಬರುವ ಮೊದಲೇ ಮೂಲೆಗೆ ಬಿತ್ತು.

ಟಿಕೆಟ್ ಸಿಗದವರ ಸಿಟ್ಟಿಗೆ ಉತ್ತರ ಬಂದದ್ದು ಸಿಬಿಸಿಯಿಂದ. ಅದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಪ್ರಸಾರ ಸಂಸ್ಥೆ. ಕೊನೆಯ ಷೋವನ್ನು ಟಿವಿ, ರೇಡಿಯೊ, ಇಂಟರ್‌ನೆಟ್ ಎಲ್ಲದರಲ್ಲೂ ನೇರವಾಗಿ, ಜಾಹೀರಾತಿಲ್ಲದೆ ಕೊಡುತ್ತೇವೆ ಎಂದಿತು. ಅದು ರಿಯೊ ಒಲಿಂಪಿಕ್ಸ್‌ನ ಕೊನೆಯ ಶನಿವಾರ. ಒಲಿಂಪಿಕ್ಸ್ ಪ್ರಸಾರದ ಹಕ್ಕೂ ಸಿಬಿಸಿಯದೇ. ಆ ಸಂಜೆಯ ಹೊತ್ತಿಗೆ ಆಟ ಪಕ್ಕಕ್ಕೆ ಸರಿದು ಹಾಡಿಗೆ ಜಾಗ ಬಿಟ್ಟಿತು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತ್ಯಂತ ಪರಿಣಾಮ ಮಾಡಿದ ತೀರ್ಮಾನ ಇದೇ. ಇದಿಲ್ಲದಿದ್ದರೆ ಕಿಂಗ್‌ಸ್ಟನ್ ಒಂದು ದುಬಾರಿ ಷೋ ಆಗಿ ಮುಗಿಯುತ್ತಿತ್ತು.

ಆಗಸ್ಟ್ 20

ಟೊರಾಂಟೊ ಪೊಲೀಸರು ಅವತ್ತು ಟ್ವಿಟರ್‌ನಲ್ಲಿ ಜಗತ್ತಿಗೆ ಒಂದು ತಮಾಷೆಯ ಪ್ರಕಟಣೆ ಕೊಟ್ಟರು: ಇವತ್ತು ರಾತ್ರಿ ಎಂಟೂವರೆಗೆ ಕೆನಡಾ ಮುಚ್ಚಿರುತ್ತದೆ. ಪಾರ್ಕು, ಪಬ್ಬು, ಚೌಕ, ಹಿತ್ತಿಲು, ಎಲ್ಲ ಕಡೆ ಪರದೆ ಕಟ್ಟಿದ್ದರು. ಷೋ ನಡೆದ ಕಿಂಗ್‌ಸ್ಟನ್‌ನ ಒಳಾಂಗಣ ಕ್ರೀಡಾಂಗಣದಲ್ಲಿ ಸೇರುವುದು ಏಳು ಸಾವಿರದೊಳಗೆ. ಹೊರಗೆ, ಪುರಸಭೆ ಹಿಂದಿನ ಮಾರುಕಟ್ಟೆ ಚೌಕ ಮತ್ತು ಸುತ್ತಲ ಬೀದಿಗಳಲ್ಲಿ ಸುಮಾರು ಇಪ್ಪತ್ತೈದು ಸಾವಿರ ಜನ. ಒಳಾಂಗಣದ ಮುಂದಿನ ರಸ್ತೆಗೆ 2012ರಲ್ಲೇ ಬ್ಯಾಂಡಿನ ಹೆಸರಿಟ್ಟಿದ್ದರು. ಅಂದರೆ ತಮ್ಮದೇ ಹೆಸರಿನ ಬೀದಿ ದಾಟಿ ಅವರು ಕೊನೆಯ ಷೋಗೆ ಬಂದರು.

ಮೊದಲ ಹಾಡು ‘ಫಿಫ್ಟಿ ಮಿಷನ್ ಕ್ಯಾಪ್’. ವಿಮಾನ ಏರಿ ಕಣ್ಮರೆಯಾದವನ ಹಾಡು. ಮೂರನೆಯದು ‘ವೀಟ್ ಕಿಂಗ್ಸ್’. ಜನ ಒಂದಕ್ಷರ ಬಿಡದೆ ಜೊತೆಗೆ ಹಾಡಿದರು. ಈಗ ಆರು ಪರದೆಗಳನ್ನು ನೆನೆಸಿಕೊಳ್ಳಿ. ಹಾಡುಗಾರ ಸಾಲಿಗೆ ಪರದೆ ನೋಡುತ್ತಿದ್ದಾನೆ. ಕೇಳುಗರಲ್ಲಿ ಒಬ್ಬರಿಗೂ ಪರದೆ ಬೇಕಿಲ್ಲ. ಮೂವತ್ತು ವರ್ಷ ಅವರು ಕೊಟ್ಟದ್ದನ್ನು ಜನ ಗಟ್ಟಿಯಾಗಿ ಇಟ್ಟುಕೊಂಡಿದ್ದರು. ಡೌನಿ ಎಲ್ಲಾದರೂ ತಡವರಿಸಿದರೆ ಸಾಲು ಎತ್ತಿಕೊಡಲು ಒಂದು ಊರೇ ನಿಂತಿತ್ತು. ನಾನು ಮೊದಲು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಕನಿಕರ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕನಿಕರಕ್ಕೆ ಹಾಡು ಬಾಯಿಪಾಠ ಇರುವುದಿಲ್ಲ.

ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ಬ್ಯಾಂಡಿನ ಟಿ-ಶರ್ಟ್ ಮೇಲೆ ಜೀನ್ಸ್ ಜಾಕೆಟ್ ಹಾಕಿಕೊಂಡು ಸಭಿಕರಲ್ಲಿ ಇದ್ದರು. ಷೋಗೆ ಮೊದಲು ಡೌನಿಯನ್ನು ಅಪ್ಪಿಕೊಂಡರು, ಚಿತ್ರ ಎಲ್ಲ ಕಡೆ ಹರಡಿತು. ಡೌನಿ ಬಯಸಿದ್ದರೆ ಆ ರಾತ್ರಿ ತನ್ನ ಬದುಕಿನ ಬಗ್ಗೆ, ಕಾಯಿಲೆಯ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದಿತ್ತು. ಯಾರೂ ಎದ್ದು ಹೋಗುತ್ತಿರಲಿಲ್ಲ. ಅವರು ಮಾತಾಡಿದ್ದು ಕೆಲವೇ ನಿಮಿಷ, ಅದೂ ಉತ್ತರದ ಮೂಲನಿವಾಸಿಗಳ ಬಗ್ಗೆ. ಅಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಕಾಣದಂತೆ ಇರಲು ನಮಗೆಲ್ಲ ಬದುಕಿಡೀ ತರಬೇತಿ ಕೊಟ್ಟಿದ್ದಾರೆ, ಈ ಪ್ರಧಾನಿ ಅದನ್ನು ಸರಿಮಾಡುತ್ತಾರೆ, ಎಂಬರ್ಥದ ಮಾತು. ಹೊಗಳಿಕೆಯಂತೆ ಕೇಳಿಸುತ್ತದೆ. ಕೋಟಿ ಜನರ ಎದುರು ಹೆಗಲ ಮೇಲೆ ಹೊರೆ ಇಟ್ಟದ್ದು ಅದು. ಟ್ರೂಡೊಗೆ ತಲೆಯಾಡಿಸದೆ ಬೇರೆ ದಾರಿ ಇರಲಿಲ್ಲ.

ಷೋ ಮುಗಿಸಿ ಒಳಗೆ ಹೋದವರನ್ನು ಜನ ಮತ್ತೆ ಕರೆದು ಹಾಡಿಸುತ್ತಾರಲ್ಲ, ಅಂಥ ಎರಡನೇ ಮರುಕರೆಯ ಕೊನೆಗೆ ‘ಗ್ರೇಸ್, ಟೂ’ ಬಂತು. ಹಾಡು ಮುಗಿಯುವ ಹೊತ್ತಿಗೆ ಡೌನಿ ಸಾಲು ಬಿಟ್ಟು ಬರೀ ಕೂಗುತ್ತಿದ್ದರು. ಅಳುತ್ತಲೂ ಇದ್ದರು. ಅದುವರೆಗೆ ನಕ್ಕು ಕುಣಿದು ತಡೆದಿಟ್ಟದ್ದು ಅಲ್ಲಿ ಒಡೆಯಿತು. ಅದನ್ನು ಮತ್ತೆ ನೋಡುವ ಧೈರ್ಯ ನನಗೆ ಪ್ರತಿ ಸಲ ಬರುವುದಿಲ್ಲ. ಆಮೇಲೂ ಮೂರು ಹಾಡು ಇದ್ದವು. ಕೊನೆಯದು ‘ಅಹೆಡ್ ಬೈ ಎ ಸೆಂಚುರಿ’. 1996ರ, ಮರ ಹತ್ತಿ ಕೂತ ಮಕ್ಕಳ ಹಾಡು. ಒಟ್ಟು ಮೂವತ್ತು ಹಾಡು, ಹತ್ತಿರ ಹತ್ತಿರ ಮೂರು ಗಂಟೆ.

ಪ್ರತಿ ರಾತ್ರಿಯೂ ಒಂದು ಪದ್ಧತಿ ಇತ್ತು. ಉಳಿದ ನಾಲ್ವರು ಒಳಗೆ ಹೋಗುತ್ತಿದ್ದರು. ಡೌನಿ ಒಬ್ಬರೇ ವೇದಿಕೆಯ ಮೇಲೆ ಉಳಿದು, ಮಾತಿಲ್ಲದೆ, ಸಭೆಯ ಒಂದೊಂದು ಮೂಲೆಯನ್ನೂ ನಿಧಾನವಾಗಿ ನೋಡುತ್ತಿದ್ದರು. ಹೆಸರು ಹಿಡಿದಿಡಲು ಆಗದವರು ಮುಖಗಳನ್ನು ನೋಡುತ್ತಿದ್ದರು.

ಆಮೇಲೆ

ಸಿಬಿಸಿ ಲೆಕ್ಕದಲ್ಲಿ 1 ಕೋಟಿ 17 ಲಕ್ಷ ಜನ ಆ ಪ್ರಸಾರದ ಯಾವುದಾದರೂ ಭಾಗ ನೋಡಿದ್ದರು ಅಥವಾ ಕೇಳಿದ್ದರು. ದೇಶದ ಜನಸಂಖ್ಯೆ ಆಗ ಸುಮಾರು 3 ಕೋಟಿ 60 ಲಕ್ಷ. ಎಲ್ಲರೂ ಮೂರೂ ಗಂಟೆ ಕೂತಿದ್ದರು ಅಂತ ಇದನ್ನು ಓದಬಾರದು. ಆದರೂ ದೊಡ್ಡದೇ.

ಸೆಪ್ಟೆಂಬರ್‌ನಲ್ಲಿ ಡೌನಿ ಉತ್ತರ ಒಂಟಾರಿಯೊದ ಒಗೋಕಿ ಪೋಸ್ಟ್‌ಗೆ ಹೋದರು. ವರ್ಷವಿಡೀ ತೆರೆದಿರುವ ರಸ್ತೆ ಇಲ್ಲದ ಊರು. ಚೇನಿ ವೆಂಜಾಕ್ ಎಂಬ ಹುಡುಗನ ಊರು ಅದು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು, ಭಾಷೆ ಮರೆಸಿ, ವಸತಿ ಶಾಲೆಗಳಿಗೆ ಹಾಕುವ ಪದ್ಧತಿ ಕೆನಡಾದಲ್ಲಿ ನೂರು ವರ್ಷಕ್ಕೂ ಜಾಸ್ತಿ ನಡೆಯಿತು. ಸುಮಾರು ಒಂದೂವರೆ ಲಕ್ಷ ಮಕ್ಕಳು ಅದರಲ್ಲಿ ಹಾದುಹೋದರು. ಚೇನಿ 1966ರ ಅಕ್ಟೋಬರ್‌ನಲ್ಲಿ ಕೆನೋರಾ ಹತ್ತಿರದ ಅಂಥ ಶಾಲೆಯಿಂದ ಓಡಿಹೋದ. ಮನೆ ಸುಮಾರು 600 ಕಿಲೋಮೀಟರ್ ದೂರ. ಅಷ್ಟು ದೂರ ಅಂತ ಅವನಿಗೆ ಗೊತ್ತಿರಲಿಲ್ಲ. ರೈಲು ಹಳಿ ಹಿಡಿದು ನಡೆದ. ಚಳಿಗೆ ಸತ್ತ. ವಯಸ್ಸು ಹನ್ನೆರಡು. ಒಗೋಕಿ ಪೋಸ್ಟ್‌ನಲ್ಲಿ ಡೌನಿ ಅವನ ಸೋದರಿಯರನ್ನು ಕಂಡರು.

ಈ ಭಾಗಕ್ಕೆ ಟೀಕೆಯೂ ಬಂತು. ಮೂಲನಿವಾಸಿಗಳು ದಶಕಗಳಿಂದ ಹೇಳುತ್ತಿದ್ದದ್ದನ್ನು ಒಬ್ಬ ಬಿಳಿ ಹಾಡುಗಾರ ಹೇಳಿದ ಮೇಲೆ ಮಾತ್ರ ಕೇಳಿಸಿಕೊಂಡಿರಾ ಎಂದು. ಪ್ರಶ್ನೆ ಸರಿಯಾದದ್ದೇ. ಟ್ರೂಡೊ ಹೊತ್ತ ಹೊರೆಯೂ ಪೂರ್ತಿ ಇಳಿಯಲಿಲ್ಲ. ಮೂಲನಿವಾಸಿ ವಸತಿಗಳಲ್ಲಿ ನೀರು ಕುದಿಸದೆ ಕುಡಿಯಬೇಡಿ ಎಂಬ ದೀರ್ಘಕಾಲದ ಎಚ್ಚರಿಕೆಗಳನ್ನು 2021ರ ಮಾರ್ಚ್‌ನೊಳಗೆ ಕೊನೆಗಾಣಿಸುತ್ತೇವೆ ಎಂದಿದ್ದರು. ಆ ಗಡುವು ತಪ್ಪಿತು. ಇನ್ನೊಂದು ಕಡೆ, 2016ರ ಡಿಸೆಂಬರ್‌ನಲ್ಲಿ ಮೂಲನಿವಾಸಿ ಜನಾಂಗಗಳ ಒಕ್ಕೂಟವೇ ಡೌನಿಯನ್ನು ಕರೆದು, ಹೆಗಲಿಗೆ ಕಂಬಳಿ ಹೊದಿಸಿ, ಲಕೋಟಾ ಭಾಷೆಯಲ್ಲಿ ಒಂದು ಹೆಸರು ಕೊಟ್ಟಿತು. ನಕ್ಷತ್ರಗಳ ನಡುವೆ ನಡೆಯುವವನು ಎಂದು ಅದರ ಅರ್ಥ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಕತೆ ಕುಂಟುತ್ತದೆ.

ಡೌನಿ ತೀರಿಕೊಂಡದ್ದು 2017ರ ಅಕ್ಟೋಬರ್ 17ರಂದು, 53ನೇ ವಯಸ್ಸಿನಲ್ಲಿ. ಉಳಿದ ನಾಲ್ವರು ಬೇರೆ ಹಾಡುಗಾರನನ್ನು ತಂದು ಅದೇ ಹೆಸರಿನಲ್ಲಿ ಮತ್ತೆ ಪ್ರವಾಸ ಹೊರಡಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 2016ರ ಅಕ್ಟೋಬರ್‌ನಲ್ಲಿ, ಡೌನಿ ಸಿಬಿಸಿಯ ಪೀಟರ್ ಮ್ಯಾನ್ಸ್‌ಬ್ರಿಜ್‌ಗೆ ಒಂದು ಸಂದರ್ಶನ ಕೊಟ್ಟರು. ಎದುರಿಗೆ ಕೂತವರು ಎಷ್ಟೋ ವರ್ಷದಿಂದ ದೇಶಕ್ಕೆಲ್ಲ ಪರಿಚಯವಿದ್ದ ಸುದ್ದಿಗಾರ. ಆ ಹೆಸರೂ ಜಾರಿಹೋಗುತ್ತದೆ ಅಂತ ಡೌನಿ ಅದನ್ನು ಕೈಮೇಲೆ ಬರೆದುಕೊಂಡು ಬಂದಿದ್ದರು: ಪೀಟರ್. ಅದೇ ತಿಂಗಳು ಅವರ ‘ಸೀಕ್ರೆಟ್ ಪಾತ್’ ಆಲ್ಬಂ ಬಂತು. ಕಾಯಿಲೆಗೆ ಮೊದಲೇ ಹಾಡಿಟ್ಟದ್ದು. ಹತ್ತು ಹಾಡು. ಹತ್ತೂ ರೈಲು ಹಳಿಯ ಮೇಲೆ ಮನೆಗೆ ನಡೆಯುತ್ತಿರುವ ಚೇನಿಯದೇ.